ಗುರಸಿದ್ದವ್ವ ಬೇಡವೆಂದ ಕಿಟಕಿ

ದೊಡ್ಡ ಕಾಲೇಜಿದ್ದ ಒಂದು ಸಣ್ಣ ಊರು. ಅಲ್ಲಿನ ಒಂದು ಓಣಿಯಲ್ಲಿ ಎಲ್ಲವೂ ಹಂಚಿನ ಮನೆ. ಮಾಳಿಗೆ ಇದ್ದದ್ದು ಗುರಸಿದ್ದವ್ವನ ಮನೆಗೆ ಮಾತ್ರ. ಆ ಮನೆಯಲ್ಲಿ ಗುರಸಿದ್ದವ್ವ, ಅವಳ ತಂಗಿ ಕಸ್ತೂರಿ ಇಬ್ಬರೇ. ಹಪ್ಪಳ, ಸಂಡಿಗೆ ಮಾಡಿ ಮಾರಿ ಬದುಕುತ್ತಿದ್ದರು. ತಂಗಿಗೆ ಕೈ ಚುರುಕು, ಅಕ್ಕನಿಗೆ ಬಾಯಿ ಚುರುಕು. ಅಕ್ಕ ಮಾತಿಗೆ ನಿಂತರೆ ಓಣಿಯ ನಾಯಿಗಳೂ ಬೊಗಳುವುದು ಬಿಟ್ಟು ಕೂತು ಕೇಳುತ್ತಿದ್ದವು.

ಅವರ ಮನೆಯ ಬೆನ್ನಿಗೇ ಒಂದು ಖಾಲಿ ಜಾಗವಿತ್ತು. ಅಲ್ಲಿ ಕಾಲೇಜು ಹುಡುಗರಿಗೆ ಎತ್ತರದ ಹಾಸ್ಟೆಲ್ ಏಳುತ್ತದೆ ಅಂತ ಸುದ್ದಿ ಬಂತು. ಓಣಿಗೆ ಓಣಿಯೇ ಕುದಿಯಿತು. ಹಾಸ್ಟೆಲ್ ಕಟ್ಟಿಸುವ ಮಲ್ಲೇಶಪ್ಪನನ್ನು ಕರೆಸಿ ಕಟ್ಟೆಯ ಮೇಲೆ ಕೂರಿಸಿದರು.

"ನಳದಾಗ ಈಗಲೇ ನೀರಿಲ್ಲ. ಅಷ್ಟು ಹುಡುಗರು ಮೈ ತೊಳಕೊಂಡ್ರ ನಾವು ಮುಖಾನೂ ತೊಳಿಯಂಗಿಲ್ಲ" ಅಂದ ಒಬ್ಬ.

"ಬೈಕಿನ ಸದ್ದಿಗೆ ನಮ್ಮ ಎಮ್ಮಿ ಹಾಲು ಕೊಡೂದಿಲ್ಲ" ಅಂದ ಇನ್ನೊಬ್ಬ. ಆ ಎಮ್ಮೆ ಸದ್ದಿಲ್ಲದಾಗಲೂ ಕೊಡುತ್ತಿರಲಿಲ್ಲ, ಅದು ಬೇರೆ ಮಾತು.

ಗುರಸಿದ್ದವ್ವ ಸೆರಗು ಸಿಕ್ಕಿಸಿ ಎದ್ದಳು. "ನೀರು, ಎಮ್ಮಿ ಹಾಳಾಗಿ ಹೋಗ್ಲಿ. ಮಾಳಿಗಿ ಮ್ಯಾಲೆ ದಿನಾ ನನ್ನ ತಂಗಿ ಸಂಡಿಗಿ ಹಾಕ್ತಾಳ. ನಿನ್ನ ಹುಡುಗರು ಕಿಟಕ್ಯಾಗ ನಿಂತು ಹಲ್ಲು ಕಿಸೀತಾರ. ನಮ್ಮ ಕಡೆ ಗೋಡಿಗೆ ಒಂದು ಕಿಟಕಿನೂ ಇಡಬ್ಯಾಡ!"

"ಒಳಗ ಗಾಳಿ ಹೆಂಗವ್ವಾ ಬರೂದು?"

"ಅವರು ಓದಾಕ ಬರ್ತಾರೋ, ಗಾಳಿ ಕುಡಿಯಾಕ ಬರ್ತಾರೋ?"

ಕಟ್ಟೆ ಹೋ ಎಂದು ನಕ್ಕಿತು. ಕಿಟಕಿ ಕೈಬಿಟ್ಟರೆ ಜಗಳ ಮುಗಿಯುತ್ತದಲ್ಲ ಎಂದು ಮಲ್ಲೇಶಪ್ಪ ಒಪ್ಪಿಕೊಂಡ.

ಮನೆಗೆ ಬಂದ ಮೇಲೂ ಕಸ್ತೂರಿ ಮುಸಿಮುಸಿ ನಗುತ್ತಿದ್ದಳು. "ಹೆಣ್ಣು ನೋಡಾಕ ಬಂದೋರು ಉಪ್ಪಿಟ್ಟು ತಿಂದು ಹೋದ್ರು, ಒಬ್ಬರೂ ತಿರುಗಿ ನೋಡ್ಲಿಲ್ಲ. ಈ ಹುಡುಗರಾದ್ರೂ ನೋಡ್ಲಿ ಬಿಡಕ್ಕಾ. ನೋಡಿದ್ರ ನಾ ಏನು ಸವೀತೀನಿ?"

"ಮುಚ್ಚು ಬಾಯಿ! ಅಪ್ಪ ಸಾಯುವಾಗ ನಿನ್ನ ಕೈ ನನ್ನ ಕೈಯಾಗ ಇಟ್ಟು ಹೋಗ್ಯಾನ. ನಿನಗೇನರ ಆದ್ರ ನಾ ಯಾರಿಗೆ ಮುಖ ತೋರಿಸ್ಲಿ?"

ಹಾಸ್ಟೆಲ್ ಎದ್ದಿತು. ಮಾಳಿಗೆಗೆ ಒತ್ತಿ ನಿಂತ ಅದರ ಗೋಡೆ ಬೋಳಿಸಿದ ತಲೆಯ ಹಾಗಿತ್ತು. ಹಲ್ಲಿ ಇಣುಕಲೂ ಸಂದು ಇರಲಿಲ್ಲ. ಗುರಸಿದ್ದವ್ವ ದಿನವೂ ಅದನ್ನು ನೋಡಿ, ಗೆದ್ದೆ ಎಂದುಕೊಳ್ಳುತ್ತಿದ್ದಳು.

ಒಂದು ಬೇಸಗೆಯಲ್ಲಿ ಓಣಿಯ ಹುಡುಗಿಯೊಬ್ಬಳ ಮದುವೆ, ಊರಾಚೆಯ ಛತ್ರದಲ್ಲಿ. ಮನೆಮನೆಗೂ ಬೀಗ ಬಿತ್ತು. ಕಸ್ತೂರಿ ಮಾತ್ರ ಹೊರಡಲಿಲ್ಲ. "ಹಿಟ್ಟು ಕುದಿಸಿ ಆಗೈತಿ. ಇವತ್ತೇ ಹಾಕದಿದ್ರ ಹುಳಿ ಬರತೈತಿ. ನೀ ಹೋಗಿ ಬಾ, ಇಬ್ಬರ ಪಾಲಿನ ಊಟ ನೀನೇ ಹೊಡಿ" ಎಂದಳು. ಗುರಸಿದ್ದವ್ವ ಒಮ್ಮೆ ಗೋಡೆಯತ್ತ ನೋಡಿದಳು. ಯಾವ ಕಣ್ಣೂ ಇಲ್ಲ. ನಿಶ್ಚಿಂತೆಯಿಂದ ಹೋದಳು.

ಸಂಜೆ ಬಂದು ಕೂಗಿದಳು. ಉತ್ತರವಿಲ್ಲ. ಮಾಳಿಗೆ ಹತ್ತಿದಳು. ಅರ್ಧ ಚಾಪೆಯ ತುಂಬ ಸಂಡಿಗೆ ಗರಿಗರಿ ಒಣಗಿತ್ತು. ಚೆಲ್ಲಿದ ಹಿಟ್ಟಿನ ಮೇಲೆ ಕಾಲು ಜಾರಿದ ಗುರುತಿತ್ತು. ಅಲ್ಲಿಂದ ಗೋಡೆಯವರೆಗೆ ಮೈ ಎಳೆದುಕೊಂಡು ಹೋದ ಗುರುತಿತ್ತು. ಗೋಡೆಯ ಬುಡದಲ್ಲಿ ಕಸ್ತೂರಿ ಬಿದ್ದಿದ್ದಳು. ಕೈಯಲ್ಲಿ ಸೌಟು. ಬಡಿದ ಕಡೆಯಲ್ಲೆಲ್ಲ ಗೋಡೆಗೆ ಹಿಟ್ಟು ಮೆತ್ತಿತ್ತು.

ಗುರಸಿದ್ದವ್ವ ಬೀದಿಗೆ ಓಡಿ ಬಾಯಿ ಬಡಿದುಕೊಂಡಳು. ಮೊದಲು ಓಡಿ ಬಂದವರು ಹಾಸ್ಟೆಲಿನ ಹುಡುಗರೇ. ಚಪ್ಪಲಿ ಹಾಕಿಕೊಳ್ಳಲಿಲ್ಲ, ಬನಿಯನ್ನಿನಲ್ಲೇ ಬಂದರು. ಕಸ್ತೂರಿಯನ್ನು ತೋಳುಗಳ ಮೇಲೆ ಹೊತ್ತು ಇಳಿಸಿ, ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಡಾಕ್ಟರು ನಾಡಿ ಹಿಡಿದು ನೋಡಿ ಕೈ ಬಿಟ್ಟರು. "ಜೀವ ಹೋಗಿದೆ. ಸೊಂಟ ಮುರಿದಿದೆ. ಅದರಿಂದ ಸಾಯುತ್ತಿರಲಿಲ್ಲ. ಇಡೀ ದಿನ ಬಿಸಿಲಲ್ಲಿ ಬಿದ್ದಿದ್ದಾರೆ. ಒಬ್ಬರೂ ನೋಡಲಿಲ್ಲವೇ?" ಎಂದರು.

ಒಬ್ಬ ಹುಡುಗ ತಲೆ ತಗ್ಗಿಸಿ ಹೇಳಿದ: "ಆಂಟೀ, ಗೋಡೆ ಬಡಿಯೋ ಸದ್ದು ನಮಗೆ ಕೇಳಿಸ್ತು. ನಮ್ಮ ಹಾಡು ಜೋರಾದಾಗೆಲ್ಲ ನೀವು ಹಾಗೇ ಬಡೀತಿದ್ರಲ್ಲ. ಬೈತಿದೀರಿ ಅಂದ್ಕೊಂಡು ಹಾಡು ಬಂದ್ ಮಾಡಿ ಸುಮ್ಮನೆ ಕೂತ್ವಿ. ಸ್ವಲ್ಪ ಹೊತ್ತಿಗೆ ಬಡಿಯೋದು ನಿಂತ್ಹೋಯ್ತು. ನಿಮ್ಮ ಸಿಟ್ಟು ಇಳೀತು ಅಂದ್ಕೊಂಡ್ವಿ."

ಇಡೀ ಓಣಿಯನ್ನು ಬಾಯಲ್ಲೇ ಆಳಿದ ಗುರಸಿದ್ದವ್ವನಿಗೆ ಅವನನ್ನು ಬೈಯಲು ಒಂದು ಮಾತೂ ಸಿಗಲಿಲ್ಲ.

ನೀತಿ: ಕೆಟ್ಟ ಕಣ್ಣಿಗೆ ಹೆದರಿ ಎಲ್ಲ ಕಣ್ಣಿಗೂ ಗೋಡೆ ಕಟ್ಟಬೇಡಿ. ಯಾವುದು ಕಳ್ಳಗಣ್ಣು, ಯಾವುದು ಕಾಯುವ ಕಣ್ಣು ಎಂದು ಆರಿಸಲು ಗೋಡೆಗೆ ಬರುವುದಿಲ್ಲ.