ತಗ್ಗಿಸಿದ ಕಾರು

ಶಿಷ್ಯ ಚನ್ನವೀರ ಕೇಳಿದ: "ಗುರುಗಳೇ, ಗುಡ್ಡದ ಮೇಲಿನ ಕೋಣೆಯಲ್ಲಿ ಒಂದು ತಿಂಗಳು ಒಬ್ಬನೇ ಇದ್ದು ಬಂದೆ. ಒಂದು ದಿನವೂ ಸಿಟ್ಟು ಬರಲಿಲ್ಲ. ನಾನು ಸಿಟ್ಟನ್ನು ಗೆದ್ದೆ ಎಂದುಕೊಳ್ಳಬಹುದೇ?"

"ಗೆದ್ದಿದ್ದರೆ ಒಳ್ಳೆಯದೇ ಆಯಿತು. ಈಗ ಏನು ಬೇಕು, ಅದನ್ನು ಹೇಳು" ಎಂದರು ಗುರುಗಳು.

"ದಾಸೋಹದಲ್ಲಿ ಬಡಿಸುವ ಕೆಲಸದಿಂದ ನನ್ನನ್ನು ಬಿಡಿಸಬೇಕು. ಪಂಕ್ತಿಯಲ್ಲಿ ಕೂತವರಲ್ಲಿ ಒಬ್ಬರಿಗೆ ಸಾರು ಸಾಲದು, ಇನ್ನೊಬ್ಬರಿಗೆ ಅನ್ನ ತಣ್ಣಗಾಗಿದೆ. ಅಲ್ಲಿ ನಿಂತರೆ ಮಾತ್ರ ನನಗೆ ತಲೆ ಕೆಡುತ್ತದೆ. ತಮ್ಮ ಅಪ್ಪಣೆಯಾದರೆ ಇನ್ನು ಗುಡ್ಡದ ಮೇಲೆಯೇ ಇದ್ದುಬಿಡುತ್ತೇನೆ."

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಕೂತುಕೋ, ಒಂದು ಕಾರಿನ ಕತೆ ಹೇಳುತ್ತೇನೆ" ಎಂದರು. ಚನ್ನವೀರನಿಗೆ ಕಾರಿನ ಕತೆ ಬೇಕಿರಲಿಲ್ಲ. ಆದರೂ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹತ್ತಿರ ಒಂದು ಹಳೆಯ ಕಾರು ಇತ್ತು. ಹಳೆಯದಾದರೇನು, ಅದರ ಮೇಲೆ ಅವನಿಗೆ ಜೀವ. ನೆಲ ಸವರಿಕೊಂಡು ಹೋಗುವಂಥ ಕಾರನ್ನು ಎಲ್ಲೋ ನೋಡಿಬಂದವನು ತನ್ನದೂ ಹಾಗೆಯೇ ಕಾಣಬೇಕೆಂದು ಹಟ ಹಿಡಿದ. ನಾಲ್ಕು ಚಕ್ರದ ಸ್ಪ್ರಿಂಗುಗಳನ್ನೂ ಕತ್ತರಿಸಿ ಕಾರನ್ನು ತಗ್ಗಿಸಿದ. ಪೇಟೆ ಬೀದಿಯಲ್ಲಿ ಹೋದರೆ ಜನ ತಿರುಗಿ ನೋಡುತ್ತಿದ್ದರು. ಹಾಗೆ ನೋಡಿದವರೆಲ್ಲ ಮೆಚ್ಚಿದರು ಎಂದೇ ಅವನು ತಿಳಿದುಕೊಂಡಿದ್ದ.

ಕಾರಿಗೆ ಹದಿನೈದು ವರ್ಷ ತುಂಬಿತು. ಅಷ್ಟು ಹಳೆಯದಾದ ಮೇಲೆ ಕಾರನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಬೇಕು. ರಸ್ತೆಗೆ ಯೋಗ್ಯ ಎಂದು ಇನ್ಸ್‌ಪೆಕ್ಟರು ಬರೆದುಕೊಟ್ಟರೆ ಮಾತ್ರ ಮುಂದೆ ಓಡಿಸಬಹುದು. ಅದಕ್ಕೆ ಎಫ್‌ಸಿ ಎನ್ನುತ್ತಾರೆ. ಎಫ್‌ಸಿ ಆಗದಿದ್ದರೆ ಕಾರು ಮನೆಯ ಮುಂದೆ ನಿಂತುಕೊಳ್ಳಬೇಕು, ಅಷ್ಟೇ.

ವ್ಯಾಪಾರಿಗೆ ಅದು ಆ ವಾರವೇ ಆಗಬೇಕಿತ್ತು. ಅವನ ತಂಗಿ ಚೊಚ್ಚಲ ಬಸುರಿ. ಹೆರಿಗೆಗೆ ಅವಳನ್ನು ತವರಿಗೆ ಕರೆತರುವ ದಿನ ಗೊತ್ತಾಗಿತ್ತು. ಹೆಚ್ಚು ಕುಲುಕಾಟ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಬೀಗರು ಕಳಿಸಲು ಹಿಂದೆಮುಂದೆ ನೋಡಿದರು. ಆಗ ಇವನು ಎದೆ ತಟ್ಟಿಕೊಂಡು, "ಬಸ್ಸಿನಲ್ಲಿ ಯಾಕೆ ಕರೆದುಕೊಂಡು ಹೋಗ್ಲಿ? ನನ್ನ ಕಾರಿಲ್ವಾ? ಹೂವಿನ ಹಾಗೆ ಕರ್ಕೊಂಡು ಹೋಗ್ತೀನಿ" ಎಂದು ಮಾತು ಕೊಟ್ಟುಬಂದಿದ್ದ.

ಸಾರಿಗೆ ಕಚೇರಿಯ ಅಂಗಳದಲ್ಲಿ ಒಂದು ಹಂಪ್ ಇತ್ತು. ತಗ್ಗಿಸಿದ ಗಾಡಿಗಳನ್ನು ಹಿಡಿಯಲೆಂದೇ ಹಾಕಿಸಿದ್ದು. ಇನ್ಸ್‌ಪೆಕ್ಟರು ಅದರ ಪಕ್ಕದಲ್ಲಿ ನಿಂತು ಕಿವಿಗೊಡುತ್ತಿದ್ದರು. ಗಾಡಿಯ ಹೊಟ್ಟೆ ಹಂಪಿಗೆ ಉಜ್ಜಿದ ಸದ್ದು ಕೇಳಿದರೆ ಅದನ್ನು ಹಿಂದಕ್ಕೆ ಕಳಿಸುತ್ತಿದ್ದರು. ಈ ವಿಷಯ ಊರಿಗೆಲ್ಲ ಗೊತ್ತಿತ್ತು.

ವ್ಯಾಪಾರಿ ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ಬಗ್ಗಿ ನೋಡಿ, "ಕತ್ತರಿಸಿದ ಸ್ಪ್ರಿಂಗ್ ತೆಗೆದು ಬೇರೆ ಹಾಕೋಣ. ಕಾರು ಮೊದಲಿನ ಹಾಗೆ ಏಳುತ್ತೆ" ಎಂದ.

"ಎದ್ದರೆ ಎತ್ತಿನ ಗಾಡಿ ಥರ ಕಾಣುತ್ತೆ. ಅದೊಂದು ಬಿಟ್ಟು ಬೇರೆ ಏನಾದರೂ ಹೇಳಪ್ಪ" ಎಂದ ವ್ಯಾಪಾರಿ. ಮೆಕ್ಯಾನಿಕ್ ಪಕ್ಕದ ಗಾಡಿಯ ಕೆಲಸಕ್ಕೆ ಹೋದ.

ಹೇಳುವವರಿಲ್ಲದಿದ್ದರೆ ಇವನ ತಲೆಗೇನು ಕಡಿಮೆಯೇ? ಮನೆಗೆ ಬಂದು ಕಾರಿನೊಳಗಿನ ಭಾರ ಇಳಿಸತೊಡಗಿದ. ಬಟ್ಟೆಯ ಗಂಟುಗಳನ್ನು ತೆಗೆದ. ಹಿಂದಿದ್ದ ದೊಡ್ಡ ಸ್ಪೀಕರ್ ಪೆಟ್ಟಿಗೆ ತೆಗೆದ. ಸ್ಟೆಪ್ನಿ ಚಕ್ರ, ಜಾಕು, ನೀರಿನ ಕ್ಯಾನು, ಒಂದೊಂದನ್ನೇ ಜಗಲಿಯ ಮೇಲಿಟ್ಟ. ಟೈರುಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ತುಂಬಿಸಿದ. ಕಾರು ಒಂದಿಷ್ಟು ಮೇಲೆದ್ದಿತು. ಸ್ಪ್ರಿಂಗ್ ಮಾತ್ರ ಅದೇ ಕತ್ತರಿಸಿದ ಸ್ಪ್ರಿಂಗ್.

ಕಚೇರಿಗೆ ಹೊರಟಾಗ ಅವನ ತಾಯಿಯೂ ಜೊತೆಗೆ ಬಂದಳು. ಚಕ್ರದ ಕೆಳಗೆ ಇಡಲು ನಿಂಬೆಹಣ್ಣು ತಂದಿದ್ದಳು. ಗೇಟಿನ ಹತ್ತಿರ ಕಾರು ನಿಲ್ಲಿಸಿ ಅವನು, "ಅಮ್ಮಾ, ನೀನು ಇಲ್ಲೇ ಇಳಿದುಬಿಡು. ನೀನು ಕೂತಿದ್ದರೆ ತಾಗುತ್ತೆ" ಎಂದ. ಮುದುಕಿ ಇಳಿದು, ನಿಂಬೆಹಣ್ಣನ್ನು ಸೆರಗಿಗೆ ಕಟ್ಟಿಕೊಂಡು ಗೋಡೆಯ ನೆರಳಿಗೆ ನಿಂತಳು.

ವ್ಯಾಪಾರಿ ಉಸಿರು ಬಿಗಿಹಿಡಿದು ಕಾರನ್ನು ಹಂಪಿನ ಮೇಲೆ ಹತ್ತಿಸಿದ. ಇನ್ಸ್‌ಪೆಕ್ಟರು ಕಿವಿಗೊಟ್ಟರು. ಕಾರು ಹತ್ತಿತು, ಇಳಿಯಿತು. ಸದ್ದು ಬರಲಿಲ್ಲ. ಬ್ರೇಕು, ದೀಪ, ಹೊಗೆ ಎಲ್ಲವನ್ನೂ ನೋಡಿ ಅವರು ಪಾಸು ಮಾಡಿದರು. ಅವರದೇನೂ ತಪ್ಪಿಲ್ಲ. ಇವನಿಗೆ ರಾಜ್ಯ ಗೆದ್ದಷ್ಟು ಸಂತೋಷ. ದಾರಿಯಲ್ಲಿ ತಾಯಿಗೆ ಎಳನೀರು ಕುಡಿಸಿದ.

ಗೊತ್ತಾದ ದಿನ ತಾಯಿಯನ್ನೂ ಸೋದರತ್ತೆಯನ್ನೂ ಕರೆದುಕೊಂಡು ಬೀಗರ ಊರಿಗೆ ಹೋದ. ಹೋಗುವಾಗಲೇ ಅಲ್ಲಲ್ಲಿ ಕಾರು ನೆಲಕ್ಕೆ ಉಜ್ಜಿತು. ಅವನು ಹಾಡು ಜೋರು ಮಾಡಿದ. ಊಟ ಮುಗಿಸಿ, ತಂಗಿಗೆ ಮಡಿಲು ತುಂಬಿಸಿ, ಬೀಗರು ಕೊಟ್ಟ ಬುತ್ತಿಯ ಬುಟ್ಟಿಗಳನ್ನೆಲ್ಲ ತುಂಬಿಕೊಂಡು ಹೊರಟರು. ಮೊದಲ ಹಂಪಿನಲ್ಲೇ ಕಾರಿನ ಹೊಟ್ಟೆ ಬಡಿದು ಇಡೀ ಕಾರು ಅದುರಿತು. ತಂಗಿ ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡಳು. ಅವನಿಗೆ ಜೀವವೇ ಹೋದಂತಾಯಿತು.

ಮುಂದಿನ ಹಂಪು ಕಂಡೊಡನೆ ನಿಲ್ಲಿಸಿ, "ಒಂಚೂರು ಇಳೀರಿ, ದಾಟಿಸಿಬಿಡ್ತೀನಿ" ಎಂದ. ಮೂವರೂ ಇಳಿದು ನಡೆದು ಆಚೆ ಹೋಗಿ ಹತ್ತಿದರು. ಆ ದಾರಿಯಲ್ಲಿ ಹಂಪಿಗೆ ಬರವೇ? ಶಾಲೆಯ ಮುಂದೆ ಒಂದು, ಗುಡಿಯ ಮುಂದೆ ಒಂದು, ಹೋಟೆಲಿನ ಮುಂದೆ ಒಂದು. ಪ್ರತಿಸಲವೂ ಬಸುರಿ ಹೆಂಗಸು ಆ ತಗ್ಗಿನ ಸೀಟಿನಿಂದ ಬಾಗಿಲು ಹಿಡಿದು ಏಳಬೇಕು, ಬಿಸಿಲಿನಲ್ಲಿ ನಡೆಯಬೇಕು, ಮತ್ತೆ ಬಗ್ಗಿ ಕೂರಬೇಕು. ಹೋಟೆಲಿನ ಮುಂದೆ ಕೂತವರು ನೋಡಿ ನಕ್ಕರು.

ಒಂದು ಬಸ್ ನಿಲ್ದಾಣದ ಹತ್ತಿರ ಇಳಿದವಳು ಮತ್ತೆ ಹತ್ತಲಿಲ್ಲ. "ಅಣ್ಣಾ, ನೀನು ಕಾರು ತಗೊಂಡು ಹೋಗು. ನಾವು ಬಸ್ಸಿಗೆ ಬರ್ತೀವಿ. ಹತ್ತಿ ಇಳಿದು ನನಗೆ ಸಾಕಾಯ್ತು" ಎಂದಳು.

"ಎಫ್‌ಸಿ ಆಗಿದೆ ಕಣಮ್ಮ, ಮೊನ್ನೆ ತಾನೇ ಪಾಸಾಗಿದೆ" ಎಂದ ವ್ಯಾಪಾರಿ.

ತಾಯಿ ಬುತ್ತಿಯ ಬುಟ್ಟಿಗಳನ್ನೂ ಇಳಿಸಿಕೊಂಡಳು. ಬಸ್ಸು ಬಂತು. ಒಬ್ಬ ಹೆಂಗಸು ಎದ್ದು ಬಸುರಿಗೆ ಜಾಗ ಕೊಟ್ಟಿದ್ದು ಕಿಟಕಿಯಲ್ಲಿ ಕಾಣಿಸಿತು. ಬಸ್ಸು ಹಂಪು ದಾಟಿ ಹೋಯಿತು. ವ್ಯಾಪಾರಿಗೆ ನಾಚಿಕೆಯಾಯಿತು, ಅಳುವೂ ಬಂತು. ಬೀಗರಿಗೆ ಈ ಸುದ್ದಿ ಹೇಗೆ ಮುಟ್ಟುತ್ತದೋ ಎಂದುಕೊಳ್ಳುತ್ತ ಖಾಲಿ ಕಾರನ್ನು ಓಡಿಸಿಕೊಂಡು ಊರ ಕಡೆ ಹೊರಟ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಚನ್ನವೀರನಿಗೆ ವ್ಯಾಪಾರಿಯ ಮೇಲೆ ಸಿಟ್ಟು ಬಂದಿತ್ತು. "ಹಾಗಾದರೆ ಅವನು ಪಾಸಾದದ್ದೇ ಸುಳ್ಳಾಯಿತಲ್ಲ, ಗುರುಗಳೇ?" ಎಂದ.

"ಸುಳ್ಳೇನಲ್ಲ, ಒಬ್ಬನೇ ಹೋಗುವಾಗ ಊರು ಮುಟ್ಟುವತನಕ ಅವನ ಕಾರು ಎಲ್ಲಿಯೂ ತಾಗಲಿಲ್ಲ" ಎಂದರು ಗುರುಗಳು.