ಬೋರ್ಡಿನ ಕಾಡು

ಒಂದು ಸಸಿಯನ್ನೂ ನೆಡದೆ ಅಧಿಕಾರಿಗಳು ನಮ್ಮೂರ ಗೋಮಾಳದಲ್ಲಿ ಬೋರ್ಡು ನೆಟ್ಟರು: ‘ಇಲ್ಲಿ ಐದು ಸಾವಿರ ಮರಗಳಿವೆ.’ ತಾಲ್ಲೂಕಿನ ಪರಿಸರ ವರದಿಗೂ ಅದೇ ಲೆಕ್ಕ ಹೋಯಿತು.

ಅಲ್ಲಿ ಮೇಕೆ ಮೇಯಿಸುತ್ತಿದ್ದ ಗಾದ್ರಕ್ಕನನ್ನು ಬೋರ್ಡು ನೆಡಿಸಿದ ಸಾಹೇಬರು ತಡೆದರು. “ಸರ್ಕಾರದ ಕಾಡನ್ನೇ ಮೇಯಿಸ್ತೀಯ? ಮೇಕೆಗಳು ಜಪ್ತಿ.”

ಅವಳ ಬದುಕೇ ಆ ಮೇಕೆಗಳು. ಆದರೂ ಗಾದ್ರಕ್ಕ ಕೈಮುಗಿದಳು. “ತಪ್ಪಾಯ್ತು ಸ್ವಾಮಿ. ಗಾಡಿ ಬರೋಗಂಟ ಮರಕ್ಕೆ ಕಟ್ಟಿ, ನೀವೂ ನೆರಳಾಗೆ ಕುಂತ್ಕಳಿ. ಐದು ಸಾವಿರದಾಗೆ ಯಾವ್ದಾದ್ರೂ ಸರಿ.”

ಸಾಹೇಬರು ಹಗ್ಗ ಹಿಡಿದು ಸುತ್ತಲೂ ನೋಡಿದರು. ಕೊನೆಗೆ ಬೋರ್ಡಿನ ಕಂಬಕ್ಕೇ ಕಟ್ಟಿ, ಅದರ ಗೇಣಗಲದ ನೆರಳಲ್ಲಿ ಮುದುರಿ ಕೂತರು.

ಗಾದ್ರಕ್ಕ ಮನೆಯತ್ತ ನಡೆಯುತ್ತ ಒಮ್ಮೆ ಕರೆದಳು. ಮೇಕೆಗಳು ಬೋರ್ಡನ್ನೇ ಕಿತ್ತು ಎಳೆದುಕೊಂಡು ಹಿಂದೆ ಹೊರಟವು. ಬಿಸಿಲಲ್ಲಿ ಉಳಿದ ಸಾಹೇಬರಿಗೆ ಜಪ್ತಿಯ ಮಾತೇ ಮರೆತುಹೋಗಿತ್ತು.

ಇಂಥ ಬೋರ್ಡು ನಿಮ್ಮೂರಲ್ಲೂ ಇದ್ದೀತು. ನಾಳೆಯೇ ಹೋಗಿ ಮರ ಎಣಿಸಿ.