ಮೊಸರಿನ ಗಡಿಗೆಗೆ ಬೀಗ

"ಹನ್ನೆರಡು ವರ್ಷವಾಯಿತು ಪ್ರಭು! ಭಂಡಾರಕ್ಕೆ ಬಂದ ಹೊನ್ನಿನಲ್ಲಿ ಒಂದಾದರೂ ಹೊರಗೆ ಹೋಗಿದ್ದರೆ ನನ್ನ ಮೀಸೆ ಬೋಳಿಸಿಬಿಡಿ."

ಹರಳಕೋಟೆಯ ಭಂಡಾರಿ ನಂಜರಸ ತುಂಬಿದ ಸಭೆಯಲ್ಲಿ ಹೀಗೆ ಹೇಳಿ, ಅದೇ ಮೀಸೆಯನ್ನು ನೀವಿಕೊಂಡ. ದೊರೆ ಬೊಮ್ಮನಾಯಕರು ತಲೆದೂಗಿದರು. ದೊರೆಯ ತಲೆ ತೂಗಿದ ಮೇಲೆ ಉಳಿದ ತಲೆಗಳು ಸುಮ್ಮನಿರುತ್ತವೆಯೇ? ಅವೂ ತೂಗಿದವು.

ತೂಗದೆ ನಿಂತದ್ದು ಎರಡೇ. ಒಂದು, ನೇಕಾರಗೇರಿಯ ಬನಕ್ಕನದು. ಇನ್ನೊಂದು, ಅವಳನ್ನು ಕರೆತಂದಿದ್ದ ಕೊಟ್ರಯ್ಯನದು. ಕೊಟ್ರಯ್ಯ ದೊರೆಗೆ ಬೇಕಾದವನು. ಹಣೆತುಂಬ ವಿಭೂತಿ, ಬಾಯಿತುಂಬ ಮಾತು.

ಬನಕ್ಕ ಸೆರಗು ಬಿಗಿದು ಮುಂದೆ ಬಂದಳು. "ಬುದ್ಧೀ, ನಲವತ್ತು ಮಗ್ಗ ನಿಂತು ಮೂರು ತಿಂಗಳಾಯ್ತು. ಕೈಯಿದೆ, ಕಸುಬಿದೆ, ನೂಲಿಗೆ ದುಡ್ಡಿಲ್ಲ. ಮಗ್ಗಕ್ಕೆ ಹತ್ತು ಹೊನ್ನು ಕೊಡಿಸಿ, ಸೀರೆ ಮಾರಿ ಹನ್ನೊಂದು ತಂದು ಕಟ್ತೀವಿ. ಇಲ್ಲಾಂದ್ರೆ ಸೋಮವಾರ ಮಗ್ಗ ಬಿಚ್ಚಿ ಗಾಡಿಗೆ ಹಾಕ್ಕೊಂಡು ಪಕ್ಕದ ಸೀಮೆಗೆ ಹೋಗೋದೇ."

"ಇವತ್ತು ಮಂಗಳವಾರ ಕಣಮ್ಮ," ಎಂದ ನಂಜರಸ. "ದುಡ್ಡು ಹೊರಗೆ ಕೊಡುವುದುಂಟೇ? ಲಕ್ಷ್ಮಿ ಹೊರಟುಹೋಗುತ್ತಾಳೆ."

"ನಾಳೆ ಬರ್ಲಾ ಸ್ವಾಮಿ?"

"ನಾಳೆ ಅಮಾವಾಸ್ಯೆ. ನಾಡಿದ್ದು ಪಾಡ್ಯ. ಆಮೇಲೆ ಶುಕ್ರವಾರ. ಶನಿವಾರದ ಮಾತಂತೂ ಎತ್ತಲೇಬೇಡ."

"ಭಾನುವಾರಕ್ಕೇನು ಬಂತು ದೋಷ?"

"ಭಾನುವಾರ ಬೀಗಗಳಿಗೆ ಎಣ್ಣೆ ಬಿಡುವ ದಿನ."

ಕೊಟ್ರಯ್ಯನಿಗೆ ತಡೆಯಲಾಗಲಿಲ್ಲ. "ಪ್ರಭು, ಲಕ್ಷ್ಮಿ ಓಡಾಡುವ ತಾಯಿ. ಕಾಲು ಕಟ್ಟಿ ಕೂರಿಸಿದರೆ ಪೂಜೆಯಾಗುತ್ತದೆಯೇ?"

ದೊರೆಗೆ ಸಿಟ್ಟು ಬಂತು. "ಆಡುವುದು ಸುಲಭ, ಕಾಯುವುದು ಕಷ್ಟ. ನಂಜರಸ ಭಂಡಾರ ಕಾದ ಹಾಗೆ ನೀನು ಏನನ್ನಾದರೂ ಸೋಮವಾರದವರೆಗೆ ಕಾದು ತೋರಿಸು. ಸೋತರೆ ನೇಕಾರರ ಗಾಡಿಯಲ್ಲಿ ನೀನೂ ಹತ್ತು!"

ಹುಟ್ಟಿದ ಊರು, ಬಿಡು ಎಂದರೆ ಬಿಡಲಾದೀತೇ? ಕೊಟ್ರಯ್ಯ ಮನಸ್ಸಿನಲ್ಲೇ ಶಿವನನ್ನು ನೆನೆದು, "ಅಪ್ಪಣೆ. ಅರಮನೆಯ ಮೊಸರಿನ ಗಡಿಗೆಯನ್ನು ನನಗೊಪ್ಪಿಸಿ," ಎಂದ. ಸಭೆ ಹೊಟ್ಟೆ ಹಿಡಿದು ನಕ್ಕಿತು.

ಮರುದಿನ ಮಧ್ಯಾಹ್ನ ದೊರೆಗಳು ಸಾರನ್ನ ಮುಗಿಸಿ ಮೊಸರಿಗೆ ಕೈಯೊಡ್ಡಿದರು. ಬಾಣಸಿಗ ತಲೆ ಕೆರೆದುಕೊಂಡ. ದೊರೆಗಳು ನೀರು ಕುಡಿದು ಎದ್ದರು. ಗುರುವಾರವೂ ಹಾಗೇ ಆಯಿತು. ಮೊಸರಿಲ್ಲದ ಊಟ ಅವರಿಗೆ ಊಟವೇ ಅಲ್ಲ. ಶುಕ್ರವಾರ ತಟ್ಟೆಯ ಮುಂದೆ ಗುಡುಗಿದರು: "ಕರೆಯಿರಿ ಆ ಕೊಟ್ರಯ್ಯನನ್ನು! ಈ ಸೀಮೆಯ ದೊರೆಗೆ ಒಂದು ಸೌಟು ಮೊಸರಿಲ್ಲವೇ?"

"ಸೌಟೇಕೆ ಪ್ರಭು, ಗಡಿಗೆ ತುಂಬ ಇದೆ. ಬೀಗ ಹಾಕಿ ಮುದ್ರೆ ಒತ್ತಿದ್ದೇನೆ."

"ದಿನಾ ಕೊಳಗಗಟ್ಟಲೆ ಹಾಲು ಬರುತ್ತದಲ್ಲ, ಅದೇನಾಯಿತು?"

"ಕೆಟ್ಟುಹೋಯಿತು. ಹೆಪ್ಪಿಲ್ಲದೆ ಹಾಲು ತಾನೇ ಏನು ಮಾಡೀತು?"

"ಗಡಿಗೆಯಿಂದ ಒಂದು ಚಮಚ ತೆಗೆದು ಹೆಪ್ಪು ಹಾಕಬಾರದಿತ್ತೇ?"

"ಶಿವ ಶಿವಾ! ಗಡಿಗೆಯಲ್ಲಿ ಒಂದು ಚಮಚ ಕಮ್ಮಿಯಾಗುತ್ತಿತ್ತಲ್ಲ!"

"ಮಂಕುದಿಣ್ಣೇ! ಚಮಚ ಹೆಪ್ಪಿಗೆ ಗಡಿಗೆ ಮೊಸರು ಬರುತ್ತದೆ. ಕೂಸಿಗೂ ಗೊತ್ತು!"

ಕೊಟ್ರಯ್ಯ ಕೈಮುಗಿದ. "ಕೂಸಿಗೆ ಗೊತ್ತಿದ್ದದ್ದು ನಮ್ಮ ಭಂಡಾರಕ್ಕೆ ಗೊತ್ತಿಲ್ಲ ಪ್ರಭು. ನೇಕಾರಗೇರಿಯಲ್ಲಿ ನಲವತ್ತು ಮನೆ ಹಾಲು ಕಾಯಿಸಿಟ್ಟುಕೊಂಡು ಕೂತಿವೆ. ಹೆಪ್ಪು ನಮ್ಮ ಬೀಗದೊಳಗಿದೆ."

ದೊರೆಗಳು ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದರು: "ಹೆಪ್ಪು ಇಸಕೊಂಡವರು ಅದನ್ನೇ ನೆಕ್ಕಿ ಕೂತರೋ?"

"ಹಾಲಿದೆಯೋ ಇಲ್ಲವೋ ನೋಡಿ ಕೊಡಬೇಕು. ಮಗ್ಗ ನೋಡಿ, ಕೈ ನೋಡಿ, ನೆರೆಮನೆಯವರ ಜಾಮೀನು ಕೇಳಿ. ಆದರೂ ಒಬ್ಬಿಬ್ಬರು ನೆಕ್ಕಿಯಾರು, ಸುಳ್ಳು ಹೇಳುವುದಿಲ್ಲ. ಉಳಿದವರ ದುಡ್ಡು ನೂಲುವವಳ ಕೈಗೆ, ಹತ್ತಿಯವನ ಕೈಗೆ, ಬಣ್ಣದವನ ಕೈಗೆ ಹೋಗಿ, ಸಂತೆಯೆಲ್ಲ ಸುತ್ತಿ, ಸುಂಕವಾಗಿ ಇಲ್ಲಿಗೇ ಬರುತ್ತದೆ. ಬಡ್ಡಿ ಬೇರೆ."

ದೊರೆಗಳು ನೀರು ಕುಡಿಯಲು ಹೋಗಿ ನಕ್ಕು ನೆತ್ತಿಗೇರಿಸಿಕೊಂಡರು. ಶುಕ್ರವಾರವೆಂದೂ ನೋಡದೆ ಅಂದೇ ಭಂಡಾರ ತೆಗೆಸಿದರು. ನಂಜರಸ ಒಂದೊಂದು ಹೊನ್ನಿಗೂ ಒಂದೊಂದು ನಿಟ್ಟುಸಿರು ಬಿಟ್ಟು ನಾನೂರು ಎಣಿಸಿಕೊಟ್ಟ. ಸೋಮವಾರ ಬನಕ್ಕನ ಗಾಡಿ ಹೊರಟದ್ದು ನಿಜ. ಆದರೆ ನೂಲು ತರುವುದಕ್ಕೆ.

ಅಂದು ದೊರೆಗಳು ಕೊಟ್ರಯ್ಯನಿಗೆ ಶಾಲು ಹೊದಿಸಿ ಮೆಲ್ಲನೆ ಕೇಳಿದರು: "ಅದಿರಲಿ, ಆ ಗಡಿಗೆ ಏನು ಮಾಡಿದೆ?"

"ಕಾಯುವುದರಲ್ಲಿ ಭಂಡಾರಿಗಳ ಮುಂದೆ ನಾನೆಷ್ಟರವನು ಪ್ರಭು? ಅವರ ಕೋಣೆಯಲ್ಲೇ ಇಟ್ಟು ಬಂದಿದ್ದೇನೆ. ಮೊಸರು ಭದ್ರವಾಗಿದೆ. ವಾಸನೆಯೊಂದು ಮಾತ್ರ ಬೀಗಕ್ಕೆ ಬಗ್ಗುತ್ತಿಲ್ಲ."